ತಲೆ ಆಡಿಸಿದರೆ ಅರ್ಥವಾಯಿತು ಅಂತಲ್ಲ

ಕಳೆದ ವರ್ಷದ ಬೇಸಿಗೆ. ಕುರುಗೋಡಿನಲ್ಲಿರುವ ಅಜ್ಜಿಯನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆ. ವೈದ್ಯರು ಹಳೆಯ ಮಾತ್ರೆ ನಿಲ್ಲಿಸಿ ಹೊಸದೊಂದನ್ನು ಬರೆದುಕೊಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಅಜ್ಜಿಗೆ ಹೇಳಿದೆ: ‘ಬಿಳಿ ಮಾತ್ರೆ ಇನ್ಮೇಲೆ ಬ್ಯಾಡ ಅಜ್ಜಿ. ಈ ಹೊಸದು ಮಾತ್ರ. ಬೆಳಿಗ್ಗೆ ಒಂದೇ ಒಂದು. ತಗೊಂಡ ಮ್ಯಾಲೆ ಊಟ ಬಿಡಬಾರದು’. ಅಜ್ಜಿ ತಲೆ ಆಡಿಸಿದಳು. ‘ಗೊತ್ತಾಯ್ತಲ್ಲ?’ ಅಂದೆ. ಮತ್ತೆ ತಲೆ ಆಡಿಸಿ ನಕ್ಕಳು. ನಾನು ಮೊಬೈಲ್ ನೋಡುತ್ತ ಕೂತೆ. ನಿಜ ಹೇಳಬೇಕೆಂದರೆ, ಮಾತ್ರೆಯ ವಿಷಯ ಹೇಳುವಾಗಲೂ ನನ್ನ ಕಣ್ಣು ಮೊಬೈಲ್ ಮೇಲೆಯೇ ಇತ್ತು.

ಮುಂದಿನ ಸೋಮವಾರ ಮಧ್ಯಾಹ್ನ ಮಾವನ ಫೋನ್ ಬಂತು. ಅಜ್ಜಿ ಜಗಲಿ ಮೇಲೆ ಕುಸಿದಿದ್ದಳು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸೋಮವಾರವೆಂದರೆ ಆಕೆಗೆ ದೊಡ್ಡಬಸವೇಶ್ವರನ ವಾರ, ಒಪ್ಪತ್ತು. ಬೆಳಿಗ್ಗೆ ಹಳೆಯ ಮಾತ್ರೆ, ಹೊಸ ಮಾತ್ರೆ ಎರಡನ್ನೂ ನುಂಗಿ, ಏನೂ ತಿನ್ನದೆ ಗುಡಿಗೆ ಹೋಗಿಬಂದಿದ್ದಳು. ಪಕ್ಕದ ಮನೆಯವರು ತಕ್ಷಣ ಸಕ್ಕರೆ ನೀರು ಕುಡಿಸಿ ಗಾಡಿ ಹತ್ತಿಸಿದ್ದರಿಂದ ಬದುಕಿದಳು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: ‘ಮಾತ್ರೆ ಬಗ್ಗೆ ಅಜ್ಜಿಗೆ ಯಾರು ಹೇಳಿದ್ದು?’

‘ನಾನೇ ಸರ್. ಎರಡು ಸಲ ಹೇಳಿದೆ. ಗೊತ್ತಾಯ್ತು ಅಂತ ತಲೆ ಆಡಿಸಿದಳು.’

‘ತಲೆ ಆಡಿಸಿದರು, ಸರಿ. ಅವರಿಗೆ ಕೇಳಿಸಿತ್ತಾ?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಕಿವಿಯ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿ ಬಹಳ ಮಂದವಾಗಿವೆ, ಇದು ಒಂದೆರಡು ತಿಂಗಳಿನದಲ್ಲ, ವರ್ಷಗಳಿಂದ ಇದ್ದಿರಬೇಕು ಎಂದರು. ‘ಅಜ್ಜಿಗೆ ಸ್ವಲ್ಪ ಕಿವಿ ಕಮ್ಮಿ’ ಎಂದು ಮನೆಯಲ್ಲಿ ನಗುತ್ತಿದ್ದೆವು, ಅಷ್ಟೆ. ಆಕೆ ನಮ್ಮ ಮುಖ, ತುಟಿ ನೋಡಿ ಊಹಿಸಿಕೊಳ್ಳುತ್ತಿದ್ದಳು. ಊಹೆಗೆ ಸಿಗದಿದ್ದಾಗ ತಲೆ ಆಡಿಸಿ ನಗುತ್ತಿದ್ದಳು. ಆ ನಗುವನ್ನು ನಾವು ಒಪ್ಪಿಗೆ ಎಂದುಕೊಂಡಿದ್ದೆವು.

ಬೋರ್ಡಿನ ಮೇಲಿನ ಮೂರು ಸಂಖ್ಯೆ

ಇದರಲ್ಲಿ ನನಗೆ ಇವತ್ತಿಗೂ ಚುಚ್ಚುವ ಒಂದು ಸಂಗತಿಯಿದೆ. ಸಿರುಗುಪ್ಪದಲ್ಲಿ ಬಿ.ಕಾಂ ಮುಗಿಸಿದ್ದ ನಾನು ಆಗ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ ಸಾಫ್ಟ್ ಸ್ಕಿಲ್ಸ್ ತರಬೇತಿ ಪಡೆಯುತ್ತಿದ್ದೆ. ಬಾಡಿ ಲ್ಯಾಂಗ್ವೇಜ್ ಬಗ್ಗೆ ಇಪ್ಪತ್ತು ಪುಟ ನೋಟ್ಸ್ ಬರೆದುಕೊಂಡಿದ್ದವಳು ನಾನು. ಪಕ್ಕದಲ್ಲೇ ಕೂತ ಅಜ್ಜಿಯ ಮುಖ ಓದಲು ಆಗಲಿಲ್ಲ.

ತರಬೇತಿಯ ಮೊದಲ ದಿನವೇ ಬೋರ್ಡಿನ ಮೇಲೆ ಮೂರು ಸಂಖ್ಯೆ ಬಂದಿದ್ದವು: 7, 38, 55. ನಮ್ಮ ಸಂವಹನದಲ್ಲಿ ಪದಗಳ ಪಾಲು ಶೇ 7, ಧ್ವನಿಯದು ಶೇ 38, ಮುಖಭಾವ ಮತ್ತು ಹಾವಭಾವದ್ದು ಶೇ 55. ಅಂದರೆ ಶೇ 93ರಷ್ಟು ಮಾತಿಲ್ಲದೆಯೇ ನಡೆಯುತ್ತದೆ ಎಂದರು. ನೀವೂ ಇದನ್ನು ಯಾವುದಾದರೂ ತರಗತಿಯಲ್ಲಿ, ರೀಲ್ಸ್‌ನಲ್ಲಿ, ಇಂಟರ್‌ವ್ಯೂ ಗೈಡ್‌ನಲ್ಲಿ ಕೇಳಿಯೇ ಇರುತ್ತೀರಿ.

ಅಜ್ಜಿಯ ಪ್ರಸಂಗವಾದ ಮೇಲೆ ಈ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಇದರ ಮೂಲ. ಒಂದರಲ್ಲಿ ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿದರು. ಇನ್ನೊಂದರಲ್ಲಿ ‘ಮೇಬಿ’ ಎಂಬ ಒಂದೇ ಪದವನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸುತ್ತ, ಜೊತೆಗೆ ಬೇರೆ ಬೇರೆ ಮುಖಭಾವದ ಫೋಟೊ ತೋರಿಸಿದರು. ಮಾತಾಡುತ್ತಿರುವವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂಬುದನ್ನು ಕೇಳುಗರು ಊಹಿಸಬೇಕಿತ್ತು. ಪದ ಒಂದು ಹೇಳಿ, ಧ್ವನಿ ಮತ್ತು ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಭಾವನೆ ಮತ್ತು ಮನೋಭಾವದ ಮಾತಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ, ಎಲ್ಲ ಸಂವಹನಕ್ಕೂ ಅಲ್ಲ ಎಂದು ಸ್ವತಃ ಮೆಹ್ರೇಬಿಯನ್ ಸ್ಪಷ್ಟಪಡಿಸಿದ್ದಾರೆ. ಆದರೂ ಆ ಸಂಖ್ಯೆಗಳು ಜಗತ್ತು ಸುತ್ತಿ ನಮ್ಮ ಬೋರ್ಡಿನವರೆಗೆ ಬಂದಿವೆ.

ನೀವೇ ಪರೀಕ್ಷಿಸಿ ನೋಡಿ. ಟಿ.ವಿ.ಯ ಸದ್ದು ಪೂರ್ತಿ ತೆಗೆದು ಹತ್ತು ನಿಮಿಷ ವಾರ್ತೆ ನೋಡಿ. ಓದುತ್ತಿರುವವರು ಗಂಭೀರವಾಗಿದ್ದಾರೋ ನಗುತ್ತಿದ್ದಾರೋ ಗೊತ್ತಾಗುತ್ತದೆ. ಸುದ್ದಿ ಏನೆಂಬುದು ಗೊತ್ತಾಗುವುದಿಲ್ಲ. ‘ಬಿಳಿ ಮಾತ್ರೆ ಬೇಡ’ ಎಂಬುದನ್ನು ಯಾವ ಮುಖಭಾವವೂ ಹೇಳಲಾರದು.

ಹಾಗೆಂದು ಹಾವಭಾವಕ್ಕೆ ಬೆಲೆಯಿಲ್ಲ ಎಂದಲ್ಲ. ‘ಆರಾಮಿದ್ದೀನಿ’ ಎಂದು ಅಪ್ಪ ಫೋನಿನಲ್ಲಿ ಹೇಳುವ ಧಾಟಿಯಲ್ಲೇ ಈ ಸಲ ಭತ್ತದ ರೇಟು ಬಿದ್ದಿದೆ ಎಂಬುದು ನನಗೆ ತಿಳಿಯುತ್ತದೆ. ಧ್ವನಿ, ಮುಖ, ಕೈ, ಮೌನ ಇವೆಲ್ಲ ಮನಸ್ಸಿನ ಸುಳಿವು ಕೊಡುತ್ತವೆ. ಆದರೆ ಸುಳಿವು ಬೇರೆ, ಖಾತ್ರಿ ಬೇರೆ.

ನಾನೂ ತಲೆ ಆಡಿಸಿದೆ

ಅಜ್ಜಿ ಚೇತರಿಸಿಕೊಂಡ ಎರಡು ತಿಂಗಳಿಗೆ ಬಳ್ಳಾರಿಯಲ್ಲಿ ನನ್ನ ಮೊದಲ ಸಂದರ್ಶನ. ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕಿಯ ಕೆಲಸ. ತರಬೇತಿಯಲ್ಲಿ ಕಲಿತದ್ದೆಲ್ಲ ನೆನಪಿತ್ತು. ಬೆನ್ನು ನೇರ, ಕೈ ಕಟ್ಟಬಾರದು, ಕಾಲು ಅಲ್ಲಾಡಿಸಬಾರದು, ಕಣ್ಣಲ್ಲಿ ಕಣ್ಣಿಡಬೇಕು, ಎದುರಿನವರು ಮಾತಾಡುವಾಗ ಮೆಲ್ಲಗೆ ತಲೆ ಆಡಿಸುತ್ತ ಆಸಕ್ತಿ ತೋರಿಸಬೇಕು.

ಸಂದರ್ಶಕರು ಇಂಗ್ಲಿಷಿನಲ್ಲಿ ಒಂದು ಸನ್ನಿವೇಶ ವಿವರಿಸಿದರು. ಎರಡು ಬಿಲ್, ಒಂದು ರಿಟರ್ನ್, ನಡುವೆ ಏನೋ ವ್ಯತ್ಯಾಸ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಬೆನ್ನು ನೇರವಿದೆಯಾ, ಕಣ್ಣು ಸರಿಯಾದ ಕಡೆ ಇದೆಯಾ ಎಂದು ನನ್ನನ್ನೇ ನಾನು ಕಾಯುತ್ತಿದ್ದಾಗ ಉಳಿದರ್ಧ ಕೇಳಿಸಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ತಲೆ ಆಡಿಸುತ್ತ ಹೋದೆ. ಕೊನೆಗೆ ಅವರು, ‘ಹಾಗಾದರೆ ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿದರು. ನಾನು ಬಾಯಿಪಾಠ ಮಾಡಿದ್ದ ಬೇರೆ ಯಾವುದೋ ಉತ್ತರ ಹೇಳಿದೆ. ಅವರು ಬೈಯಲಿಲ್ಲ. ಪೆನ್ನು ಕೆಳಗಿಟ್ಟು ಕನ್ನಡದಲ್ಲೇ ಕೇಳಿದರು: ‘ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ರಲ್ಲಮ್ಮ?’

ಸಂಜೆ ಸಿರುಗುಪ್ಪದ ಬಸ್ಸು ತೆಕ್ಕಲಕೋಟೆ ದಾಟುವ ಹೊತ್ತಿಗೆ ಹೊಳೆಯಿತು. ಅಜ್ಜಿ ಮಾಡಿದ್ದನ್ನೇ ನಾನೂ ಮಾಡಿದ್ದೆ. ಆಕೆಗೆ ಕಿವಿ ಕೇಳಿಸಲಿಲ್ಲ, ನನಗೆ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದರೆ ಮೊಮ್ಮಗಳಿಗೆ ಬೇಜಾರಾದೀತು ಎಂದು ಆಕೆ ಹೆದರಿದ್ದಳು. ಇನ್ನೊಮ್ಮೆ ಹೇಳಿ ಎಂದರೆ ದಡ್ಡಿ ಎಂದುಕೊಂಡಾರು ಎಂದು ನಾನು ಹೆದರಿದ್ದೆ. ಇಬ್ಬರೂ ನಾಚಿಕೆಯನ್ನು ತಲೆ ಆಡಿಸುವುದರಲ್ಲಿ ಮುಚ್ಚಿಟ್ಟಿದ್ದೆವು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನಂಥ ಎಷ್ಟೋ ಜನರಿಗೆ ಇದು ಗೊತ್ತಿರುವ ಸಂಕಟ. ಕಾಲೇಜಿನಲ್ಲಿ ಲೆಕ್ಚರರ್ ‘ಅಂಡರ್‌ಸ್ಟುಡ್?’ ಎಂದಾಗ ಇಡೀ ತರಗತಿಯ ತಲೆ ಒಟ್ಟಿಗೆ ಆಡುತ್ತದೆ. ಅದರಲ್ಲಿ ಎಷ್ಟು ತಲೆಗಳಿಗೆ ಪಾಠ ಹತ್ತಿತು ಎಂಬುದು ಪರೀಕ್ಷೆಯಲ್ಲೇ ತಿಳಿಯುವುದು.

ಒಂದೇ ತಲೆ, ಹತ್ತು ಅರ್ಥ

ನಮ್ಮ ಕಡೆ ತಲೆಯಾಡಿಸುವುದರಲ್ಲೇ ಎಷ್ಟು ಬಗೆ! ಮೇಲೆ ಕೆಳಗೆ ಆಡಿಸಿದರೆ ಹೌದು. ಅಡ್ಡಡ್ಡ ಆಡಿಸಿದರೆ ಇಲ್ಲ. ಎರಡೂ ಅಲ್ಲದೆ ಭುಜದಿಂದ ಭುಜಕ್ಕೆ ತೂಗಿಸಿದರೆ ‘ಸರಿ’, ‘ಆಯ್ತು’, ‘ನೋಡೋಣ’, ‘ಕೇಳ್ತಾ ಇದ್ದೀನಿ, ಮುಂದೆ ಹೇಳು’ ಇವುಗಳಲ್ಲಿ ಯಾವುದೂ ಆಗಬಹುದು. ಇನ್ನು ಗಲ್ಲ ಸ್ವಲ್ಪ ಮೇಲೆತ್ತಿ ನಾಲಿಗೆಯಲ್ಲಿ ‘ಚ್’ ಎಂದರೆ ಖಡಾಖಂಡಿತ ಇಲ್ಲ. ‘ಅಣ್ಣ ಮನೇಲಿದ್ದಾನಾ?’ ‘ಚ್’. ಮುಗಿಯಿತು.

ಈ ‘ಚ್’ ನಮ್ಮದು ಮಾತ್ರ ಎಂದುಕೊಂಡಿದ್ದೆ. ಗ್ರೀಸ್, ಟರ್ಕಿ ಕಡೆಯವರೂ ತಲೆ ಹಿಂದಕ್ಕೆ ಎತ್ತಿ ಹೀಗೇ ಸದ್ದು ಮಾಡಿ ಇಲ್ಲ ಎನ್ನುತ್ತಾರಂತೆ. ಬಲ್ಗೇರಿಯಾದಲ್ಲಂತೂ ಮೇಲೆ ಕೆಳಗೆ ಆಡಿಸಿದರೆ ಇಲ್ಲ, ಅಡ್ಡ ಆಡಿಸಿದರೆ ಹೌದು. ಚಾರ್ಲ್ಸ್ ಡಾರ್ವಿನ್ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯ ಬಗ್ಗೆ 1872ರಲ್ಲಿ ಪುಸ್ತಕ ಪ್ರಕಟಿಸಿದ. ಅದಕ್ಕಾಗಿ ದೇಶ ದೇಶಗಳಲ್ಲಿದ್ದವರಿಗೆ ಕಳಿಸಿದ್ದ ಪ್ರಶ್ನೆಗಳಲ್ಲಿ, ‘ಹೌದು ಎನ್ನಲು ತಲೆಯನ್ನು ಮೇಲೆ ಕೆಳಗೆ, ಇಲ್ಲ ಎನ್ನಲು ಅಡ್ಡ ಆಡಿಸುತ್ತಾರೆಯೇ?’ ಎಂಬುದೂ ಒಂದಾಗಿತ್ತು. ಎಲ್ಲ ಕಡೆ ಒಂದೇ ಉತ್ತರ ಬರಲಿಲ್ಲ.

ಅಷ್ಟು ದೂರ ಏಕೆ? ನಮ್ಮ ಜಿಲ್ಲೆಯೇ ಗಡಿ ಜಿಲ್ಲೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಬಂತೇ ಹೊರತು ಓಡಾಟ ನಿಲ್ಲಲಿಲ್ಲ. ಇವತ್ತಿಗೂ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುವ ಅಮ್ಮ ಗಿರಾಕಿಯ ಮುಖ ನೋಡಿ ಕನ್ನಡವೋ ತೆಲುಗೋ ಉರ್ದುವೋ ಎಂದು ತೀರ್ಮಾನಿಸುತ್ತಾಳೆ. ಅಂದಾಜು ತಪ್ಪಿದರೆ ಸಂಕೋಚವಿಲ್ಲದೆ ಭಾಷೆ ಬದಲಿಸುತ್ತಾಳೆ. ಬೆಲೆಯನ್ನು ಮಾತ್ರ ಬಾಯಲ್ಲಿ ಹೇಳಿ, ಬೆರಳಿನಲ್ಲೂ ತೋರಿಸುತ್ತಾಳೆ. ದುಡ್ಡಿನ ವಿಷಯದಲ್ಲಿ ಆಕೆ ಊಹೆಗೆ ಜಾಗ ಬಿಡುವುದಿಲ್ಲ.

ಮೌನಕ್ಕೂ ಕರಾರು ಬೇಕು

ಮಾತಿಲ್ಲದೆ ಚೆನ್ನಾಗಿ ನಡೆಯುವ ವ್ಯವಹಾರಗಳೂ ನಮ್ಮ ಸುತ್ತ ಬಹಳ ಇವೆ. ಬಸ್ಸಿನಲ್ಲಿ ಎಷ್ಟೇ ಗದ್ದಲವಿರಲಿ, ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಎರಡು ಊದಿದರೆ ಹೊರಡುತ್ತದೆ. ಮೊಬೈಲ್ ಕರೆಗೆ ನಿಮಿಷಕ್ಕಿಷ್ಟು ಎಂದು ದುಡ್ಡು ಹೋಗುತ್ತಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಮಿಸ್ಡ್ ಕಾಲ್ ಎಂದರೆ ಊರು ಮುಟ್ಟಿದೆವು, ಎರಡು ಎಂದರೆ ವಾಪಸ್ ಫೋನ್ ಮಾಡಿ ಎಂದಿತ್ತು.

ಇದರಲ್ಲಿ ನನಗೆ ಸೋಜಿಗ ಎನಿಸುವುದು ದನದ ಸಂತೆ. ಚಿಕ್ಕವಳಿದ್ದಾಗ ಮಾವನ ಜೊತೆ ಹೋಗಿದ್ದೆ. ದಲ್ಲಾಳಿ ಮತ್ತು ಕೊಳ್ಳುವವರು ಎದುರು ಬದುರು ನಿಂತು, ಕೈಗಳ ಮೇಲೆ ಟವೆಲ್ ಮುಚ್ಚಿಕೊಂಡರು. ಟವೆಲ್ ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬಿಡಿಸಿಕೊಂಡು ಬೇರೆ ಬೆರಳು ಹಿಡಿದು ತಿರುಗಿ ಕೇಳುವುದು. ಸುತ್ತ ನಿಂತವರಿಗೆ ಒಂದಂಕಿಯೂ ತಿಳಿಯದು. ಒಂದು ಬೆರಳೆಂದರೆ ನೂರೋ ಸಾವಿರವೋ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ ಮಾವ ನಕ್ಕ: ‘ಅದನ್ನ ಮೊದಲೇ ಬಾಯಲ್ಲಿ ಮಾತಾಡಿಕೊಂಡಿರ್ತಾರೆ. ಇಲ್ಲಾಂದ್ರೆ ಬಡಿದಾಟ ಆಗ್ತದೆ’.

ಸೀಟಿ, ಮಿಸ್ಡ್ ಕಾಲ್, ಟವೆಲ್ ಒಳಗಿನ ಬೆರಳು ಇವು ಕೆಲಸ ಮಾಡುವುದು ಇಬ್ಬರೂ ಅರ್ಥವನ್ನು ಮೊದಲೇ ಒಪ್ಪಿಕೊಂಡಿರುವುದರಿಂದ. ತಲೆಯಾಡಿಸುವುದಕ್ಕೆ, ಸುಮ್ಮನಿರುವುದಕ್ಕೆ, ನಗುವುದಕ್ಕೆ ಅಂಥ ಕರಾರು ಯಾರೂ ಮಾಡಿಕೊಂಡಿಲ್ಲ. ಆದರೂ ನಾವು ಕರಾರು ಆಗಿಹೋಗಿದೆ ಎಂಬಂತೆ ನಡೆದುಕೊಳ್ಳುತ್ತೇವೆ. ಹುಡುಗಿ ಸುಮ್ಮನಿದ್ದಳೆಂದರೆ ಮದುವೆಗೆ ಒಪ್ಪಿಗೆ ಎಂದು ಹಿರಿಯರು ತೀರ್ಮಾನಿಸುವುದು ಇದೇ ತಪ್ಪಿನ ದೊಡ್ಡ ರೂಪ. ‘ಮಾತು ಬೆಳ್ಳಿ, ಮೌನ ಬಂಗಾರ’ ಎನ್ನುತ್ತಾರೆ. ಬಂಗಾರವಾದರೂ ಒರೆಗೆ ಹಚ್ಚಿ ನೋಡಬೇಕಲ್ಲ?

ಕಣ್ಣು ಎಲ್ಲಿಡಬೇಕು?

ಹುಡುಗಿಯರಿಗೆ ಇನ್ನೊಂದು ಪೇಚಿದೆ. ಹಿರಿಯರ ಮುಂದೆ, ಗಂಡಸರ ಮುಂದೆ ಕಣ್ಣು ಕೆಳಗಿರಬೇಕು ಎಂದು ಮನೆಯಲ್ಲಿ ಇಪ್ಪತ್ತು ವರ್ಷ ಕಲಿಸುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದಿದ್ದರೆ ಆತ್ಮವಿಶ್ವಾಸವಿಲ್ಲ ಎಂದು ತರಬೇತಿಯಲ್ಲಿ ಇಪ್ಪತ್ತು ದಿನದಲ್ಲಿ ಕಲಿಸುತ್ತಾರೆ. ನಮ್ಮ ಬ್ಯಾಚಿನ ಒಬ್ಬ ಗೆಳತಿ ಅಣಕು ಸಂದರ್ಶನದಲ್ಲಿ ಎಲ್ಲ ಉತ್ತರ ಸರಿ ಹೇಳಿಯೂ ‘ಐ ಕಾಂಟ್ಯಾಕ್ಟ್ ಇಲ್ಲ’ ಎಂದು ಕಡಿಮೆ ಅಂಕ ಪಡೆದಳು. ಅವಳ ಮನೆಯಲ್ಲಿ ಗೌರವ ಎನಿಸಿಕೊಳ್ಳುವುದು ಇಲ್ಲಿ ಅಳುಕು ಎನಿಸಿತ್ತು. ಅವಳಿಗೆ ಕಣ್ಣೆತ್ತಿ ಮಾತಾಡುವುದನ್ನು ಕಲಿಸಬೇಕು, ನಿಜ. ಆದರೆ ಬಗ್ಗಿದ ಕಣ್ಣಿಗೆ ಇನ್ನೊಂದು ಅರ್ಥವೂ ಇರಬಹುದು ಎಂದು ಮೇಜಿನ ಆಚೆ ಕೂತವರೂ ಕಲಿಯಬೇಕು. ನಾಳೆ ನಮ್ಮಲ್ಲೇ ಕೆಲವರು ಆ ಕಡೆ ಕೂರುತ್ತೇವೆ. ಆಗ ಇದು ನೆನಪಿರಲಿ.

ಕೇಳುವ ಗೊಂಬೆ

ಬಳ್ಳಾರಿ ಎಂದರೆ ತೊಗಲು ಗೊಂಬೆಯಾಟದ ಬೆಳಗಲ್ಲು ವೀರಣ್ಣನವರ ಊರು. ಗಾಂಧೀಜಿಯ ಬದುಕನ್ನೂ ತೊಗಲು ಗೊಂಬೆಗಳಲ್ಲಿ ತೋರಿಸಿದವರು ಅವರು. ತೊಗಲು ಗೊಂಬೆಯ ಮುಖ ಬದಲಾಗುವುದಿಲ್ಲ. ಕೊರೆದ ಕಣ್ಣು, ಕೊರೆದ ತುಟಿ ಹಾಗೇ ಇರುತ್ತವೆ. ಹಾಗಿದ್ದರೂ ಪರದೆಯ ಮೇಲೆ ಯಾರು ಮಾತಾಡುತ್ತಿದ್ದಾರೆ ಎಂಬ ಗೊಂದಲ ನೋಡುವವರಿಗೆ ಆಗುವುದಿಲ್ಲ. ಮಾತಾಡುವ ಗೊಂಬೆಯ ಕೈ ಆಡುತ್ತದೆ, ಕೇಳುವ ಗೊಂಬೆ ಅದರ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತದೆ. ಸರದಿ ಬಂದಾಗ ಇದು ಆಡುತ್ತದೆ, ಅದು ನಿಲ್ಲುತ್ತದೆ.

ನನ್ನ ಸಂದರ್ಶನದಲ್ಲಿ ಎಲ್ಲಿ ಎಡವಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು. ಕೇಳುವ ಸರದಿಯಲ್ಲೂ ನಾನು ಆಡುತ್ತಿದ್ದೆ. ಆಸಕ್ತಿ ತೋರಿಸುವ ಅವಸರದಲ್ಲಿ ಆಸಕ್ತಿಯಿಂದ ಕೇಳುವುದನ್ನೇ ಬಿಟ್ಟಿದ್ದೆ. ದೇಹಭಾಷೆ ಎಂದರೆ ನಾವು ಹೇಗೆ ಕಾಣುತ್ತೇವೆ ಎಂಬುದು ಎಂದಷ್ಟೇ ನಮಗೆ ಕಲಿಸುತ್ತಾರೆ. ಎದುರಿನವರ ಮುಖದಲ್ಲಿ ನಮ್ಮ ಮಾತು ಏನಾಗುತ್ತಿದೆ ಎಂದು ನೋಡುವುದು ಅದರ ಇನ್ನರ್ಧ. ಆ ಅರ್ಧಕ್ಕೆ ಕನ್ನಡಿ ಮುಂದೆ ನಿಂತು ತಯಾರಿ ಮಾಡಲು ಆಗುವುದಿಲ್ಲ.

ಈಗ ನಾನು ಮಾಡುವುದು

ಅಜ್ಜಿಯ ವೈದ್ಯರು ಅವತ್ತು ಒಂದು ದಾರಿ ಹೇಳಿಕೊಟ್ಟರು. ‘ಗೊತ್ತಾಯ್ತಾ ಅಂತ ಕೇಳಬೇಡಿ. ಏನು ಗೊತ್ತಾಯ್ತು ಹೇಳಿ ಅಂತ ಕೇಳಿ’ ಎಂದರು. ರೋಗಿಗೆ ವಿವರಿಸಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಿಕೊಳ್ಳುವುದು ವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಪದ್ಧತಿಯೇ. ‘ಗೊತ್ತಾಯ್ತಾ?’ ಎಂಬುದಕ್ಕೆ ತಲೆ ಆಡಿಸಿ ತಪ್ಪಿಸಿಕೊಳ್ಳಬಹುದು. ‘ನಾಳೆ ಬೆಳಿಗ್ಗೆ ಯಾವ ಮಾತ್ರೆ ತಗೋತೀ, ತೋರಿಸು’ ಎಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇದನ್ನೇ ತಿರುಗಿಸಿ ನಾನು ಸಂದರ್ಶನದಲ್ಲಿ ಬಳಸತೊಡಗಿದೆ. ಪ್ರಶ್ನೆ ಅರ್ಧ ತಿಳಿದರೆ ತಲೆ ಆಡಿಸುವುದಿಲ್ಲ. ‘ಸರ್, ನಾನು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯೇ?’ ಎಂದು ಕೇಳುತ್ತೇನೆ. ಈ ಒಂದು ವಾಕ್ಯವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿಟ್ಟುಕೊಂಡಿದ್ದೇನೆ. ಯಾರೂ ಇದುವರೆಗೆ ದಡ್ಡಿ ಎಂದಿಲ್ಲ. ಇಬ್ಬರು ಪ್ರಶ್ನೆಯನ್ನು ಇನ್ನೂ ಸರಳ ಮಾಡಿ ಕೇಳಿದರು, ಒಬ್ಬರು ಕನ್ನಡದಲ್ಲೇ ವಿವರಿಸಿದರು. ವಿಡಿಯೊ ಸಂದರ್ಶನವಾದರೆ ಇದು ಇನ್ನೂ ಮುಖ್ಯ. ನೆಟ್‌ವರ್ಕ್ ತಡೆದು ತಡೆದು ಬರುವಾಗ ತಲೆಯಾಡಿಸಿದ್ದು ಯಾವ ಮಾತಿಗೆ ಎಂಬುದೇ ಆ ಕಡೆಯವರಿಗೆ ತಿಳಿಯುವುದಿಲ್ಲ. ‘ಆಯ್ತು ಸರ್’ ಎಂದು ಬಾಯಲ್ಲಿ ಹೇಳುವುದೇ ವಾಸಿ.

ಗೆಳೆಯರ ನಡುವೆಯೂ ಇದನ್ನೇ ಮಾಡಲು ಯತ್ನಿಸುತ್ತೇನೆ. ಮುಖ ಬಾಡಿದ್ದರೆ ‘ಸಿಟ್ಟಾಗಿದ್ದಾಳೆ’ ಎಂದು ತೀರ್ಪು ಕೊಡುವ ಬದಲು ‘ಸುಸ್ತಾದಂತೆ ಕಾಣ್ತೀಯ, ಏನಾಯ್ತು?’ ಎನ್ನುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಬರೀ ‘ಓಕೆ’ ನೋಡಿ ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಫೋನ್ ಮಾಡುತ್ತೇನೆ. ಎಷ್ಟೋ ಸಲ ನನ್ನ ಊಹೆ ತಪ್ಪಾಗಿರುತ್ತದೆ. ತಪ್ಪು ಎಂದು ತಿಳಿದಾಗ ಸಮಾಧಾನವೇ ಆಗುತ್ತದೆ.

ಕೆಲಸ ಸಿಕ್ಕಿತೇ ಎಂದು ನೀವು ಕೇಳಬಹುದು. ಇನ್ನೂ ಇಲ್ಲ. ಕಳೆದ ಎರಡು ಕಡೆ ಎರಡನೇ ಸುತ್ತಿನವರೆಗೆ ಹೋಗಿದ್ದೇನೆ. ಮೊದಲು ಅಲ್ಲಿಗೂ ಮುಟ್ಟುತ್ತಿರಲಿಲ್ಲ.

ಅಜ್ಜಿಗೆ ಈಗ ಶ್ರವಣ ಸಾಧನ ಕೊಡಿಸಿದ್ದೇವೆ. ‘ಗುಂಯ್ ಅಂತದ’ ಎಂದು ದಿನದಲ್ಲಿ ಅರ್ಧ ಹೊತ್ತು ತೆಗೆದು ಡಬ್ಬಿಯಲ್ಲಿ ಇಟ್ಟಿರುತ್ತಾಳೆ. ಮಾತ್ರೆಗಳನ್ನು ಎರಡು ಬಣ್ಣದ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಪ್ರತಿ ಭಾನುವಾರ ಕುರುಗೋಡಿಗೆ ಹೋದಾಗ ‘ತೋರಿಸು ಅಜ್ಜಿ’ ಎನ್ನುತ್ತೇನೆ. ಆಕೆ ಶಾಲೆಯ ಹುಡುಗಿಯಂತೆ ಒಂದೊಂದೇ ಎತ್ತಿ ಹೇಳುತ್ತಾಳೆ. ನಡುವೆ ನನ್ನ ಕಣ್ಣು ಮೊಬೈಲ್ ಕಡೆ ಹೋದರೆ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ.

‘ಮುಖ ತೋರಿಸಿ ಮಾತಾಡವ್ವ. ನಿನ್ನ ತುಟಿ ಕಾಣಲಿಲ್ಲ ಅಂದ್ರೆ ನಂಗೇನ್ ಕೇಳಿಸ್ತದ?’